ನಾಯಿಗೆ ಸಿಲಿಕೋನ್ ಬೀಜ: ಯಾರ ಸಮಾಧಾನಕ್ಕೆ?

ಗಂಡು ನಾಯಿ, ಬೆಕ್ಕುಗಳ ಬೀಜ ತೆಗೆಸುವ ಬಗ್ಗೆ, ತೆಗೆಸಿದ ಮೇಲೆ ಅಲ್ಲಿ ಕೃತಕ ಗುಂಡು ಇಡಿಸುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ.

ಪ್ರಶ್ನೆ: ನಮ್ಮದು 14 ತಿಂಗಳ ಗಂಡು ಲ್ಯಾಬ್ರಡಾರ್. ಗೇಟು ಹಾರಿ ಹೋದರ ಎರಡೆರಡು ದಿನ ಮನಿಗೆ ಬರಂಗಿಲ್ಲ. ಬೀಜ ತೆಗೆಸೋಣ ಅಂತ ಮಾಡೀವಿ. ನಮ್ಮಪ್ಪ ಮಾತ್ರ ‘ಅದರ ಗಂಡಸ್ತನ ಕಳೀಬ್ಯಾಡ್ರಿ’ ಅಂತಾರ. ಬೀಜದ ಖಾಲಿ ಚೀಲದಾಗ ಸಿಲಿಕೋನ್ ಗುಂಡು ಇಡ್ತಾರಂತ, ನಾಯಿಗೆ ವ್ಯತ್ಯಾಸನ ಗೊತ್ತಾಗಂಗಿಲ್ಲಂತ. ಹೌದೇನ್ರಿ? — ಬಳ್ಳಾರಿ

ಉತ್ತರ: ಅಂಥ ಗುಂಡುಗಳು ಇರುವುದು ನಿಜ. ಅಮೆರಿಕದ ಮಿಸ್ಸೂರಿ ರಾಜ್ಯದ ಗ್ರೆಗ್ ಮಿಲ್ಲರ್ ಎಂಬಾತ ತನ್ನ ಬ್ಲಡ್‌ಹೌಂಡ್ ನಾಯಿಗೆ ಬೀಜ ತೆಗೆಸಿದ ಮೇಲೆ ಅದು ಏನೋ ಕಳೆದುಕೊಂಡಂತೆ ಇದೆ ಎಂದು ಅನಿಸಿ ಇವನ್ನು ತಯಾರಿಸಿದ. ಹೆಸರು ‘ನ್ಯೂಟಿಕಲ್ಸ್’. ನಾಯಿಗೆ ಮೊದಲ ಸಲ ಇಟ್ಟದ್ದು 1995ರಲ್ಲಿ. ಮೊದಮೊದಲು ಗಟ್ಟಿ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ನಲ್ಲಿ ಮಾಡುತ್ತಿದ್ದರು, ಆಮೇಲೆ ಮುಟ್ಟಿದರೆ ಮೆತ್ತಗಿರುವ ಸಿಲಿಕೋನ್ ಬಂತು. 2005ರಲ್ಲಿ ಇದಕ್ಕೆ ವೈದ್ಯಕೀಯ ವಿಭಾಗದ ಇಗ್ ನೊಬೆಲ್ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಬಹುಮಾನ ಅದು.

ಇಡುವ ವಿಧಾನ ಕಷ್ಟದ್ದಲ್ಲ. ದೊಡ್ಡ ನಾಯಿಗೆ ಬೀಜ ತೆಗೆಯುವಾಗ ಸಾಮಾನ್ಯವಾಗಿ ಚೀಲವನ್ನೇ ಕೊಯ್ಯುವುದಿಲ್ಲ. ಚೀಲದ ಮುಂದೆ, ನಡುಗೆರೆಯ ಮೇಲೆ ಒಂದೇ ಸೀಳು ಹಾಕಿ, ಬೀಜಗಳನ್ನು ಒಂದೊಂದಾಗಿ ಮುಂದಕ್ಕೆ ಒತ್ತಿ ಹೊರತೆಗೆದು, ರಕ್ತನಾಳ ಮತ್ತು ವೀರ್ಯನಾಳ ಇರುವ ಹುರಿಯನ್ನು ದಾರದಿಂದ ಬಿಗಿದು ಕತ್ತರಿಸುತ್ತಾರೆ. ಕೃತಕ ಗುಂಡು ಇಡುವುದಾದರೆ ಅದೇ ಸೀಳಿನಿಂದ ಎಡಕ್ಕೊಂದು, ಬಲಕ್ಕೊಂದು ಚೀಲದೊಳಕ್ಕೆ ಜಾರಿಸಿ, ಒಳಪದರವನ್ನು ಕರಗುವ ದಾರದಿಂದ ಹೊಲಿಯುತ್ತಾರೆ. ಒಟ್ಟು ಕೆಲಸಕ್ಕೆ ಕೆಲವೇ ನಿಮಿಷ ಹೆಚ್ಚು. ಒಳಗೆ ದ್ರವವಾಗಲಿ ಜೆಲ್ ಆಗಲಿ ಇಲ್ಲದ ಇಡೀ ಘನ ಸಿಲಿಕೋನ್ ಆಗಿದ್ದರೆ ಸೋರುವ ಭಯವಿಲ್ಲ.

ಇನ್ನು ನಾಯಿಗೆ ಏನು ಗೊತ್ತಾಗುತ್ತದೆ ಎಂಬುದು. ಗುಂಡು ಹಾರ್ಮೋನು ತಯಾರಿಸುವುದಿಲ್ಲ. ಬೀಜ ತೆಗೆದ ಒಂದೆರಡು ದಿನದಲ್ಲೇ ರಕ್ತದಲ್ಲಿನ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ತಳ ಮುಟ್ಟುತ್ತದೆ, ಗುಂಡು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಾಯಿಗಳು ಒಂದನ್ನೊಂದು ಗುರುತಿಸುವುದು ಮೂಸಿ. ಬೀದಿಯ ಬೇರೆ ಗಂಡು ನಾಯಿ ನಿಮ್ಮ ನಾಯಿಯ ಉಚ್ಚೆ ಮೂಸಿದರೆ ಅದಕ್ಕೆ ವಿಷಯ ತಿಳಿಯುತ್ತದೆ, ಸಿಲಿಕೋನ್ ಅದನ್ನು ಮುಚ್ಚಿಡಲಾರದು. ಕನ್ನಡಿಯಲ್ಲಿ ತನ್ನ ಹಿಂಭಾಗ ನೋಡಿಕೊಂಡು ನೊಂದುಕೊಳ್ಳುವ ಪ್ರಾಣಿ ಅದಲ್ಲ. ಆಪರೇಷನ್ ಆದ ಮೂರ್ನಾಲ್ಕು ದಿನ ಅದು ಮಂಕಾಗಿ ಕೂತರೆ ಕಾರಣ ನೋವು ಮತ್ತು ಮಂಪರು. ಅದಕ್ಕೆ ಬೇಕಾದದ್ದು ಸರಿಯಾದ ನೋವು ನಿವಾರಕ.

ಹಾಗಾಗಿ ಗುಂಡು ಇಡುವುದು ಮಾಲೀಕರ ಕಣ್ಣಿಗಾಗಿ. ಅದನ್ನು ಒಪ್ಪಿಕೊಂಡೇ ಇಡಿಸುವವರಿದ್ದಾರೆ, ಇಡಿಸಿದರೇ ಮನೆಯವರು ಬೀಜ ತೆಗೆಸಲು ಒಪ್ಪುತ್ತಾರೆ ಎನ್ನುವುದು ಅವರ ವಾದ. ಆ ವಾದ ಪೂರ್ತಿ ಪೊಳ್ಳಲ್ಲ. ಆದರೆ ನಮ್ಮ ಕಡೆ ಒಂದು ವಿಚಿತ್ರವಿದೆ. ಒಕ್ಕಲುತನದ ಮನೆಯಲ್ಲಿ ಹೋರಿಗೆ ಬೀಜದ ಹುರಿಯನ್ನು ಹೊರಗಿನಿಂದಲೇ ಜಜ್ಜುವ ಬರ್ಡಿಜೋ ಇಕ್ಕಳ ಹಾಕಿಸಿ ಎತ್ತು ಮಾಡುವಾಗ ಯಾರೂ ಅದರ ಗಂಡಸ್ತನಕ್ಕೆ ಮರುಗುವುದಿಲ್ಲ, ನೇಗಿಲಿಗೆ ಒಗ್ಗಿತು ಎಂದು ಖುಷಿಪಡುತ್ತಾರೆ. ಅಂಗಳದ ನಾಯಿಯ ಮಾತು ಬಂದಾಗ ಮಾತ್ರ ಅಜ್ಜ, ಅಪ್ಪ, ಮೊಮ್ಮಗ ಎಲ್ಲರೂ ಮುಖ ಹಿಂಡುತ್ತಾರೆ. ನಿಮ್ಮ ತಂದೆಯವರಿಗೆ ಎತ್ತಿನ ಮಾತನ್ನೇ ನೆನಪಿಸಿ ನೋಡಿ. ಗುಂಡಿನ ಬಗ್ಗೆ ಕೇಳಿದರೆ ನಮ್ಮ ಸಲಹೆ: ಬೇಡ. 14 ತಿಂಗಳ ನಾಯಿಯ ಖಾಲಿ ಚೀಲ ಕೆಲವು ವಾರಗಳಲ್ಲಿ ತಾನೇ ಮುದುಡಿ ಚಪ್ಪಟೆಯಾಗುತ್ತದೆ, ಆಮೇಲೆ ಯಾರೂ ಅತ್ತ ನೋಡುವುದೂ ಇಲ್ಲ. ಒಂದು ಎಚ್ಚರಿಕೆ: ನಾಳದಲ್ಲಿ ಉಳಿದ ವೀರ್ಯಾಣುಗಳಿಂದ ಕೆಲ ದಿನ ಗರ್ಭ ನಿಲ್ಲಬಹುದು. ಒಂದು ತಿಂಗಳು ಬೆದೆಗೆ ಬಂದ ಹೆಣ್ಣಿನ ಹತ್ತಿರ ಬಿಡಬೇಡಿ.

ಪ್ರಶ್ನೆ: ಆನ್‌ಲೈನ್‌ನಾಗ ಸಿಲಿಕೋನ್ ಗುಂಡು ತರಿಸಿ ಇಟ್ಟುಕೊಂಡೀವಿ. ಪರಿಚಯದವರೊಬ್ಬರು ‘ಅದಕ್ಕ್ಯಾಕ ಅಷ್ಟು ರೊಕ್ಕ, ಅಕ್ರಿಲಿಕ್ ಗುಂಡು ಸ್ಪಿರಿಟ್‌ನಾಗ ನೆನಸಿ ಇಟ್ಟರೂ ನಡೀತದ’ ಅಂದರು. ಏನು ತೊಂದರಿ ಆಗಬಹುದು? — ಸಿಂಧನೂರು

ಉತ್ತರ: ಅಕ್ರಿಲಿಕ್, ಗಾಜಿನ ಗೋಲಿ, ಯಾವುದೂ ಬೇಡ. ದೇಹದೊಳಗೆ ಉಳಿಯುವ ವಸ್ತು ಅದಕ್ಕೆಂದೇ ತಯಾರಾದ ದರ್ಜೆಯದ್ದಾಗಿರಬೇಕು. ಸ್ಪಿರಿಟ್ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಬೀಜಕಗಳನ್ನು (ಸ್ಪೋರ್) ಕೊಲ್ಲುವುದಿಲ್ಲ. ಸರಿಯಾದ ದಾರಿ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ: ಬಟ್ಟೆಯಲ್ಲಿ ಸುತ್ತಿದ ಪೊಟ್ಟಣಕ್ಕೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, ಅರ್ಧ ಗಂಟೆ. ಸಿಲಿಕೋನ್ ಇದನ್ನು ತಾಳುತ್ತದೆ. ಆದರೆ ಸಿಲಿಕೋನ್‌ಗೆ ಹತ್ತಿಯ ಎಳೆ, ಗ್ಲೌಸಿನ ಪುಡಿ ಬೇಗ ಅಂಟುತ್ತವೆ. ಪುಡಿಯಿಲ್ಲದ ಗ್ಲೌಸಿನಲ್ಲಿ ಹಿಡಿದು, ಕ್ರಿಮಿಯಿಲ್ಲದ ಉಪ್ಪುನೀರಾದ ಸ್ಟೆರೈಲ್ ಸಲೈನ್‌ನಲ್ಲಿ ತೊಳೆದು ಇಡಬೇಕು. ಆ ಎಳೆಯೊಂದು ಒಳಗೆ ಹೋದರೂ ಸುತ್ತ ನೀರು ತುಂಬಿಕೊಳ್ಳಲು ಸಾಕು.

ಮುಖ್ಯ ತೊಂದರೆ ಸೋಂಕು. ಮಾಂಸದಲ್ಲಿ ಕೀವಾದರೆ ರಕ್ತದ ಮೂಲಕ ಔಷಧ ಅಲ್ಲಿಗೆ ತಲುಪುತ್ತದೆ. ಗುಂಡಿಗೆ ರಕ್ತನಾಳವೇ ಇಲ್ಲ. ಅದರ ಮೈಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಕೂತರೆ ಎಷ್ಟು ಆಂಟಿಬಯೋಟಿಕ್ ಕೊಟ್ಟರೂ ಒಂದಿಷ್ಟು ಉಳಿದೇ ಉಳಿಯುತ್ತವೆ. ಔಷಧ ಕೊಟ್ಟಾಗ ಇಳಿಯುತ್ತದೆ, ನಿಲ್ಲಿಸಿದ ವಾರಕ್ಕೆ ಮತ್ತೆ ಊದುತ್ತದೆ. ಹೀಗಾದರೆ ಗುಂಡು ತೆಗೆಯುವುದೊಂದೇ ದಾರಿ, ಅಂದರೆ ನಾಯಿಗೆ ಎರಡನೇ ಅರಿವಳಿಕೆ, ಎರಡನೇ ಆಪರೇಷನ್.

ಎರಡನೆಯದು ಅಳತೆ. ಆಪರೇಷನ್‌ಗೆ ಮೊದಲೇ ನಾಯಿಯ ಸ್ವಂತ ಬೀಜದ ಉದ್ದವನ್ನು ಕ್ಯಾಲಿಪರ್‌ನಿಂದ ಅಳೆದು, ಅಷ್ಟೇ ಅಥವಾ ತುಸು ಚಿಕ್ಕದನ್ನು ಆರಿಸಬೇಕು. ದೊಡ್ಡದಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಒಂದು ಸೈಜು ಮೇಲೆ ಹೋಗುವವರು ಇದ್ದೇ ಇರುತ್ತಾರೆ. ಬಿಗಿಯಾದ ಚೀಲದ ಚರ್ಮ ತೆಳುವಾಗಿ, ಹೊಲಿಗೆ ಎಳೆದು, ಗುಂಡು ಸೀಳಿನ ಕಡೆಗೆ ಸರಿದು ಹೊರಗೆ ಇಣುಕುತ್ತದೆ.

ಮೊದಲ ಮೂರು ದಿನ ಸ್ವಲ್ಪ ಊತ ಸಹಜ. ಐದನೇ ದಿನದ ನಂತರವೂ ಊತ ಏರುತ್ತಿದ್ದರೆ, ಚರ್ಮ ಕೆಂಪಾಗಿ ಬಿಸಿಯಿದ್ದರೆ, ನೀರು ಜಿನುಗಿದರೆ, ನಾಯಿ ಹಿಂಗಾಲು ಅಗಲಿಸಿ ನಡೆದರೆ ಕಾಯಬೇಡಿ. ಇನ್ನೊಂದು ಮಾತು: 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನುಷ್ಯರಿಗಷ್ಟೇ ಅಲ್ಲ, ಪ್ರಾಣಿಗಳಿಗೆ ಬಳಸುವ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ಕೆಳಗೆ ಬರುತ್ತವೆ. ತಯಾರಕರ ಹೆಸರು, ಬ್ಯಾಚ್ ನಂಬರು ಇಲ್ಲದ ಪೊಟ್ಟಣವನ್ನು ವೈದ್ಯರು ಮುಟ್ಟದಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಬೀಜ ತೆಗೆಸಿದ ನಾಯಿಗೆ ಈಗ ಗುಂಡು ಇಡಿಸಬಹುದೇ? — ಕೊಪ್ಪಳ

ಉತ್ತರ: ಇಡಿಸಬೇಡಿ. ಚೀಲ ಆಗಲೇ ಕುಗ್ಗಿ ಒಳಗಿನ ಪದರಗಳು ಅಂಟಿಕೊಂಡಿರುತ್ತವೆ. ಬಿಡಿಸಿ ಜಾಗ ಮಾಡಲು ಹೊಸ ಗಾಯ ಮಾಡಬೇಕು, ರಕ್ತ ಒಸರುತ್ತದೆ, ಚರ್ಮವೂ ಸಾಲುವುದಿಲ್ಲ. ನಾಯಿಗೆ ಒಂದಿಷ್ಟೂ ಲಾಭವಿಲ್ಲದ ಕೆಲಸಕ್ಕೆ ಅರಿವಳಿಕೆ ಕೊಡುವುದು ತರವಲ್ಲ.

ಪ್ರಶ್ನೆ: ನಮ್ಮ ಮುಧೋಳ ನಾಯಿಗೆ ವರ್ಷ ತುಂಬಿತು, ಒಂದೇ ಬೀಜ ಇಳಿದದ. ಇನ್ನೊಂದರ ಜಾಗಕ್ಕ ಕೃತಕ ಗುಂಡು ಇಡಿಸಿ ಶೋಗೆ ಒಯ್ಯಬಹುದಾ? — ರಾಯಚೂರು

ಉತ್ತರ: ಇದು ಮೋಸ, ಜೊತೆಗೆ ತಳಿಗೂ ಕೇಡು. ಗಂಡು ನಾಯಿಗೆ ಸಹಜವಾದ ಎರಡು ಬೀಜ ಚೀಲದೊಳಗೆ ಪೂರ್ತಿ ಇಳಿದಿರಬೇಕು ಎಂದು ತಳಿಯ ಮಾನದಂಡಗಳಲ್ಲೇ ಬರೆದಿರುತ್ತದೆ, ತೀರ್ಪುಗಾರರು ಕೈಯಿಂದ ಮುಟ್ಟಿ ನೋಡುತ್ತಾರೆ. ಬೀಜ ಇಳಿಯದಿರುವುದು ವಂಶದಲ್ಲಿ ಹರಿಯುವ ದೋಷ. ಗುಂಡು ಇಟ್ಟು ಮುಚ್ಚಿದರೆ ಆ ನಾಯಿಗೆ ಹೆಣ್ಣು ಕೊಡುವವರು ಬರುತ್ತಾರೆ, ದೋಷ ಮರಿಗಳಿಗೆ ಹೋಗುತ್ತದೆ.

ನೀವು ಯೋಚಿಸಬೇಕಾದದ್ದು ಕಾಣದ ಬೀಜದ ಬಗ್ಗೆ. ಅದು ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಇರುತ್ತದೆ. ಮೈಬಿಸಿಯಲ್ಲೇ ಕುಳಿತ ಅಂಥ ಬೀಜದಲ್ಲಿ ಗಡ್ಡೆಯಾಗುವ ಸಂಭವ ಇಳಿದ ಬೀಜಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದು ತಿರುಚಿಕೊಂಡು ತೀವ್ರ ಹೊಟ್ಟೆನೋವೂ ಬರಬಹುದು. ಒಂದು ಬಗೆಯ ಗಡ್ಡೆ ಹೆಣ್ಣು ಹಾರ್ಮೋನು ಸುರಿಸಿ ಗಂಡು ನಾಯಿಯ ಮೊಲೆತೊಟ್ಟು ಊದಿಸುತ್ತದೆ, ಕೂದಲು ಉದುರಿಸುತ್ತದೆ, ರಕ್ತ ತಯಾರಿಸುವ ಮೂಳೆಯ ಮಜ್ಜೆಯನ್ನೂ ಕೆಡಿಸುತ್ತದೆ. ಆರು ತಿಂಗಳಾದರೂ ಇಳಿಯದ್ದು ಮುಂದೆ ಇಳಿಯುವುದು ಅಪರೂಪ. ಅಲ್ಟ್ರಾಸೌಂಡಿನಲ್ಲಿ ಜಾಗ ಹುಡುಕಿಸಿ ಎರಡನ್ನೂ ತೆಗೆಸಿ. ಇಳಿದದ್ದನ್ನು ಮಾತ್ರ ತೆಗೆದು ಒಳಗಿನದನ್ನು ಬಿಟ್ಟರೆ ಅಪಾಯವನ್ನೇ ಉಳಿಸಿಕೊಂಡಂತೆ. ಮುಧೋಳದಂಥ ಕೊಬ್ಬಿಲ್ಲದ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ, ಅದರಲ್ಲೂ ಥಯೋಪೆಂಟಾಲ್‌ನಿಂದ, ನಿಧಾನವಾಗಿ ಎಚ್ಚರಗೊಳ್ಳುತ್ತವೆ. ತಳಿ ಯಾವುದೆಂದು ವೈದ್ಯರಿಗೆ ಮೊದಲೇ ಹೇಳಿ.

ಪ್ರಶ್ನೆ: ರೈಸ್ ಮಿಲ್ ಕಾಯೋ ನಾಯಿ. ಬೀಜ ತೆಗೆಸಿದರ ಮೆತ್ತಗಾಗಿ ಬೊಗಳೋದ ಬಿಡ್ತದೇನು? ಚೀಲ ಹಂಗೇ ಉಳಿಯುವಂಥ ಬೇರೆ ದಾರಿ ಐತೇನು? — ಗಂಗಾವತಿ

ಉತ್ತರ: ಬೊಗಳುವುದು, ಜಾಗ ಕಾಯುವುದು ಬೀಜದಿಂದ ಬರುವ ಗುಣವಲ್ಲ, ತಳಿ ಮತ್ತು ರೂಢಿಯಿಂದ ಬರುವಂಥದ್ದು. ಕಡಿಮೆಯಾಗುವುದು ಹೆಣ್ಣಿನ ಬೆನ್ನುಹತ್ತಿ ಅಲೆಯುವುದು, ಕಂಡಲ್ಲೆಲ್ಲ ಕಾಲೆತ್ತುವುದು, ಮೈಮೇಲೆ ಏರುವುದು, ಗಂಡು ನಾಯಿಗಳ ಜೊತೆ ಕಾದಾಟ. ಹೆದರಿ ಕಚ್ಚುವ ನಾಯಿ ಮಾತ್ರ ಇದರಿಂದ ಸುಧಾರಿಸುತ್ತದೆ ಎಂದುಕೊಳ್ಳಬೇಡಿ, ಕೆಲವೊಮ್ಮೆ ಅಂಜಿಕೆ ಹೆಚ್ಚಾಗುವುದೂ ಉಂಟು. ದೊಡ್ಡ ತಳಿಯಾದರೆ ಮೂಳೆ ಬೆಳೆದು ಮುಗಿಯುವ 12ರಿಂದ 18 ತಿಂಗಳವರೆಗೆ ಕಾಯುವುದು ಒಳ್ಳೆಯದು. ಬೇಗ ತೆಗೆಸಿದರೆ ಮೂಳೆಯ ತುದಿಯ ಬೆಳವಣಿಗೆಯ ಫಲಕಗಳು ತಡವಾಗಿ ಮುಚ್ಚಿ ಕಾಲು ಉದ್ದವಾಗುತ್ತದೆ, ಕೆಲವು ತಳಿಗಳಲ್ಲಿ ಕೀಲಿನ ತೊಂದರೆ ಹೆಚ್ಚು.

ಚೀಲ ಉಳಿಯುವ ದಾರಿ ಇದೆ: ವೀರ್ಯನಾಳ ಕತ್ತರಿಸುವುದು, ಗಂಡಸರಿಗೆ ಮಾಡುವ ವ್ಯಾಸೆಕ್ಟಮಿಯೇ. ಬೀಜ ಅಲ್ಲೇ ಇರುತ್ತದೆ, ಹಾರ್ಮೋನೂ ಇರುತ್ತದೆ, ಮರಿ ಮಾತ್ರ ಆಗುವುದಿಲ್ಲ. ನೋಟವಷ್ಟೇ ಮುಖ್ಯವೆನ್ನುವವರಿಗೆ ಸಿಲಿಕೋನ್ ಗುಂಡಿಗಿಂತ ಇದು ಎಷ್ಟೋ ವಾಸಿ, ಒಳಗೆ ಹೊರವಸ್ತು ಉಳಿಯುವುದಿಲ್ಲ. ಆದರೆ ಅಲೆದಾಟ, ಕಾದಾಟ ಹಾಗೇ ಮುಂದುವರಿಯುತ್ತವೆ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ಊದುವ ತೊಂದರೆಯೂ ತಪ್ಪುವುದಿಲ್ಲ. ಮಿಲ್ ನಾಯಿ ರಸ್ತೆಗೆ ಓಡಿ ಲಾರಿಗೆ ಸಿಗುವುದೇ ನಿಮ್ಮ ಚಿಂತೆಯಾದರೆ ಬೀಜ ತೆಗೆಸುವುದೇ ಸರಿ.

ಮಿಲ್ಲಿನಲ್ಲಿ ಅನ್ನಕ್ಕೆ ಬರವಿಲ್ಲ, ತೊಂದರೆ ಅಲ್ಲೇ ಇದೆ. ಬೀಜ ತೆಗೆದ ನಾಯಿಗೆ ಹಸಿವು ಏರುತ್ತದೆ, ದೇಹಕ್ಕೆ ಬೇಕಾದ ಆಹಾರ ಮಾತ್ರ ಐದನೇ ಒಂದು ಭಾಗದಷ್ಟಾದರೂ ಇಳಿಯುತ್ತದೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದರೆ ಮೂರಕ್ಕೆ ಇಳಿಸಿ, ಅನ್ನ ತಗ್ಗಿಸಿ ತತ್ತಿ ಕೊಡಿ. ಪಕ್ಕೆಲುಬು ಕೈಗೆ ಸಲೀಸಾಗಿ ಸಿಗುತ್ತಿರಬೇಕು.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಇರುತ್ತದೆ, ಆಗ ಆಪರೇಷನ್ ಮಾಡಿಸಿದರೆ ಹೇಗೆ? ಧೂಳಿನ ಊರು, ಗಾಯ ಕಾಯುವುದು ಹೇಗೆ? — ಸಂಡೂರು

ಉತ್ತರ: ನವೆಂಬರಿನಿಂದ ಜನವರಿವರೆಗೆ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಅರಿವಳಿಕೆಯಿಂದ ಏಳುತ್ತಿರುವ ನಾಯಿ ಸರಿಯಾಗಿ ತೇಕಿ ಮೈ ತಂಪು ಮಾಡಿಕೊಳ್ಳಲಾರದು, ಪಗ್‌ನಂಥ ಚಪ್ಪಟೆ ಮೂತಿಯವಂತೂ ಇನ್ನೂ ಕಷ್ಟಪಡುತ್ತವೆ. ಬೇಸಿಗೆಯಲ್ಲಿ ಮಾಡಿಸಲೇಬೇಕಾದರೆ ಬೆಳಗಿನ ಮೊದಲ ಆಪರೇಷನ್ ನಿಮ್ಮದಾಗಲಿ.

ಅದಕ್ಕೂ ಮೊದಲು ರಕ್ತ ಪರೀಕ್ಷೆ. ನಮ್ಮ ಬಿಸಿಲು ಸೀಮೆಯಲ್ಲಿ ರಕ್ತ ಹೀರುವ ಉಣ್ಣೆ ವರ್ಷವಿಡೀ ಇರುತ್ತದೆ, ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರ ಹೊರಗೆ ಕಾಣದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಸಿಬಿಟ್ಟಿರುತ್ತದೆ. ಆರೋಗ್ಯವಂತ ನಾಯಿಗೆ ಎರಡು ಲಕ್ಷಕ್ಕಿಂತ ಮೇಲಿರಬೇಕು. ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಆಪರೇಷನ್ ಮುಂದೂಡಿ, ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್ ಕೋರ್ಸ್ ಮುಗಿಸಿ, ಮತ್ತೆ ಪರೀಕ್ಷಿಸಿ. ‘ಸಣ್ಣ ಆಪರೇಷನ್ನು, ಪರೀಕ್ಷೆ ಯಾಕೆ’ ಎಂದು ಬಿಟ್ಟ ನಾಯಿಗಳಲ್ಲೇ ಚೀಲದ ತುಂಬ ರಕ್ತ ಕಟ್ಟಿಕೊಳ್ಳುತ್ತದೆ.

ಹಿಂದಿನ ರಾತ್ರಿ ಒಂಬತ್ತಕ್ಕೆ ಕೊನೆಯ ಊಟ, ನೀರು ಬೆಳಗಿನ ಜಾವದವರೆಗೆ ಇರಲಿ. ಚೀಲದ ಮೇಲೆ ಬ್ಲೇಡ್ ಆಡಿಸುವುದು ಬೇಡ ಎಂದು ಕೇಳಿಕೊಳ್ಳಿ. ಅಲ್ಲಿನ ಚರ್ಮ ತೀರಾ ತೆಳು, ಕೆರೆದರೆ ಉರಿಯುತ್ತದೆ, ಉರಿದರೆ ನೆಕ್ಕುತ್ತದೆ, ನೆಕ್ಕಿದರೆ ಹೊಲಿಗೆ ಬಿಚ್ಚುತ್ತದೆ. ಡೆಟಾಲ್, ಸ್ಪಿರಿಟ್ ಹಚ್ಚಿದರೂ ಇದೇ ಕಥೆ. ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿ ವೈದ್ಯರು ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ರಾತ್ರಿಯೂ ತೆಗೆಯಬೇಡಿ. ನೀರಿನ ಬೋಗುಣಿ ಇಟ್ಟಿಗೆಯ ಮೇಲಿಟ್ಟರೆ ಕಾಲರ್ ಇದ್ದರೂ ಕುಡಿಯುತ್ತದೆ.

ಕೆಂಪು ಧೂಳಿಗಿಂತ ನೊಣ ಅಪಾಯ. ಜಿನುಗುವ ಗಾಯಕ್ಕೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತವೆ. ನಾಯಿಯನ್ನು ಒಗೆದ ಬಟ್ಟೆ ಹಾಸಿ ಮನೆಯೊಳಗೆ ಮಲಗಿಸಿ, ಗಾಯದ ಸುತ್ತ ವೈದ್ಯರು ಕೊಟ್ಟ ನೊಣ ಓಡಿಸುವ ಮುಲಾಮು ಹಚ್ಚಿ, ಬೆಳಿಗ್ಗೆ ಸಂಜೆ ಬೆಳಕಿನಲ್ಲಿ ನೋಡಿ. ಟರ್ಪೆಂಟೈನ್, ಗಾಡಿ ಆಯಿಲ್ ಸುರಿಯಬೇಡಿ. ಮನೆಯಲ್ಲಿರುವ ಬ್ರೂಫಿನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ನೋವಿಗೆಂದು ಕೊಡಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ. ಹತ್ತು ದಿನ ಸ್ನಾನವಿಲ್ಲ, ಓಟವಿಲ್ಲ.

ಪ್ರಶ್ನೆ: ಗಂಡು ಬೆಕ್ಕಿಗೂ ಇಂಥ ಗುಂಡು ಇದೆಯೇ? — ಬಳ್ಳಾರಿ

ಉತ್ತರ: ಇದೆ, ಆದರೆ ಬೆಕ್ಕಿನ ಚೀಲ ಕೂದಲಿನಲ್ಲೇ ಮುಚ್ಚಿಹೋಗುವುದರಿಂದ ಇಟ್ಟರೂ ಯಾರಿಗೂ ಕಾಣುವುದಿಲ್ಲ. ಬೆಕ್ಕಿಗೆ ಸೀಳು ಹಾಕುವುದು ಚೀಲದ ಮೇಲೇ, ಸಾಮಾನ್ಯವಾಗಿ ಹೊಲಿಗೆ ಹಾಕದೆ ತಾನೇ ಕೂಡಿಕೊಳ್ಳಲು ಬಿಡುತ್ತಾರೆ. ಗುಂಡು ಇಡಬೇಕಾದರೆ ಹೊಲಿಯಬೇಕು, ಸರಳ ಕೆಲಸ ಸುಮ್ಮನೆ ಜಟಿಲವಾಗುತ್ತದೆ. ಬೆಕ್ಕಿನ ಮರಳಿನ ಬದಲು ಒಂದು ವಾರ ಹರಿದ ಪೇಪರ್ ಹಾಕಿ, ಮರಳು ಗಾಯಕ್ಕೆ ಅಂಟುತ್ತದೆ. ಪ್ಯಾರಾಸಿಟಮಾಲ್ ಮಾತ್ರ ಚೂರೂ ಕೊಡಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.