ಮಲೆನಾಡಿನ ಆಳದಲ್ಲಿ ಲಿಥಿಯಂ ಸಿಗುವುದೇ?

ಸಾಗರದವರೇ, ಪಂಪ್ಡ್ ಸ್ಟೋರೇಜ್ ಯೋಜನೆಗೆ ಬಲಿಯಾಗದೆ ಶರಾವತಿ ಕಣಿವೆಯ ಕಾಡು ಉಳಿಯಬೇಕೆಂಬ ನಿಮ್ಮ ಕಳಕಳಿ ನನ್ನದೂ ಹೌದು. ಕ್ಯಾಲಿಫೋರ್ನಿಯಾದ ಸಾಲ್ಟನ್ ಸರೋವರದ ಬಳಿ ಭೂಶಾಖದಿಂದ, ಅಂದರೆ ನೆಲದಾಳದ ಬಿಸಿನೀರಿನಿಂದ, ವಿದ್ಯುತ್ ಪಡೆದು, ಅದೇ ನೀರಿನಿಂದ ಬ್ಯಾಟರಿಗೆ ಬೇಕಾದ ಲಿಥಿಯಂ ತೆಗೆಯಲು ಹೊರಟಿರುವಂತೆ, ಆ ಯೋಜನೆಯ ಬದಲು ಇಲ್ಲಿಯೂ ಆಳಕ್ಕೆ ಕೊರೆಯಬಾರದೇ ಎಂದು ಕೇಳಿದ್ದೀರಿ. ನಮ್ಮಲ್ಲಿ ಅದು ಆಗುವ ಮಾತಲ್ಲ.

ಅಲ್ಲಿ ಭೂಮಿಯ ಹೊರಪದರ ಹಿಗ್ಗಿ ತೆಳುವಾಗುತ್ತಿದೆ. ಹಾಗಾಗಿ ಎರಡು ಕಿಲೋಮೀಟರ್ ಆಸುಪಾಸಿನಲ್ಲೇ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ, ಕಡಲ ನೀರಿಗಿಂತ ಹಲವು ಪಟ್ಟು ಉಪ್ಪಾದ ನೀರಿದೆ. ಲೀಟರಿಗೆ ಸುಮಾರು 200 ಮಿಲಿಗ್ರಾಂ ಲಿಥಿಯಂ. ಹಬೆ ಟರ್ಬೈನ್ ತಿರುಗಿಸುತ್ತದೆ. ಉಳಿದ ನೀರನ್ನು ಮರಳಿ ನೆಲಕ್ಕಿಳಿಸುವ ಮುನ್ನ, ಲಿಥಿಯಂ ಅನ್ನೇ ಆಯ್ದು ಹಿಡಿಯುವ ಹರಳುಗಳ ನಡುವೆ ಹಾಯಿಸುತ್ತಾರೆ; ಆ ಹರಳುಗಳನ್ನು ಸಿಹಿನೀರಿನಲ್ಲಿ ತೊಳೆದರೆ ಲಿಥಿಯಂ ಕ್ಲೋರೈಡ್ ಕೈಗೆ ಬರುತ್ತದೆ. ಕೊರೆದ ಖರ್ಚು ಎರಡಕ್ಕೂ ಹಂಚಿಹೋಗುವುದೇ ಇದರ ಸೊಗಸು. ತೊಡಕೆಂದರೆ ನೀರಿನಲ್ಲಿ ಕರಗಿರುವ ಸಿಲಿಕಾ, ಅಂದರೆ ಮರಳಿನ ಅಂಶ. ನೀರು ತಣಿದಂತೆ ಅದು ಗಟ್ಟಿಯಾಗಿ ಕೊಳವೆಯನ್ನೇ ಮುಚ್ಚಿಬಿಡುತ್ತದೆ.

ನಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು, ಎಂದೋ ತಣಿದವು. ಘಟ್ಟದ ಕೆಳಗೆ ಪುತ್ತೂರಿನ ಬಳಿಯ ಬಿಸಿನೀರಿನ ಬುಗ್ಗೆ ಬೇಂದ್ರುತೀರ್ಥವೂ ಸ್ನಾನಕ್ಕೆ ಹಿತವಾಗುವಷ್ಟೇ ಬೆಚ್ಚಗಿರುವುದು. ಮಂಡ್ಯದ ಮರಳಗಾಲದಲ್ಲಿ 2021ರಲ್ಲಿ ಅಂದಾಜಿಸಿದ 1,600 ಟನ್ ಲಿಥಿಯಂ ಬಂಡೆಯೊಳಗಿದೆ, ನೀರಿನಲ್ಲಲ್ಲ. ದೇಶದಲ್ಲಿ ಭೂಶಾಖ ವಿದ್ಯುತ್ತಿಗೆ ಭರವಸೆಯ ಜಾಗ ಲಡಾಖಿನ ಪುಗಾ ಕಣಿವೆ.

ಇನ್ನೊಂದು ಮಾತು. ಶರಾವತಿಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಹೊಸದಾಗಿ ವಿದ್ಯುತ್ ಹುಟ್ಟಿಸುವುದಿಲ್ಲ, ಬೇರೆಡೆ ತಯಾರಾದದ್ದರಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮರಳಿ ಪಡೆಯಲು ಕೂಡಿಡುತ್ತದೆ. ಆದ್ದರಿಂದ ಈ ಯೋಜನೆಯ ಕುರಿತ ಸಭೆಯಲ್ಲಿ ಭೂಶಾಖದ ಬದಲು ಬ್ಯಾಟರಿ ಸಂಗ್ರಹದ ಲೆಕ್ಕವನ್ನು ಮುಂದಿಡಿ. ಅಧಿಕಾರಿಗಳು ಉತ್ತರಿಸಲೇಬೇಕಾದ ಪ್ರಶ್ನೆ ಅದು.