ಹಂದಿಯ ಕರುಳು, ತೋಟದ ಗೊಬ್ಬರ

ವಿರಾಜಪೇಟೆ ಕಡೆಯ ಹಂದಿ ಸಾಕಣೆದಾರರೊಬ್ಬರ ಪತ್ರ: ‘ಮಾರುವ ಮೊದಲು ವೈದ್ಯರು ಹೇಳಿದಷ್ಟು ದಿನ ಆಂಟಿಬಯೋಟಿಕ್ ನಿಲ್ಲಿಸುತ್ತೇನೆ. ಪಂದಿ ಕರಿ ಚೆನ್ನಾಗಿ ಬೇಯುತ್ತದೆ, ಮೇಲೆ ಕಾಚಂಪುಳಿಯೂ ಬೀಳುತ್ತದೆ. ಹಾಗಿದ್ದ ಮೇಲೆ ಹಂದಿಯ ಕರುಳಿನ ಬ್ಯಾಕ್ಟೀರಿಯಾದಿಂದ ಯಾರಿಗೇನು ತೊಂದರೆ?’

ಸಂಪಾದಕರ ಉತ್ತರ: ನಿಮ್ಮ ಕ್ರಮ ಸರಿಯಾಗಿದೆ, ಮಾಂಸದಲ್ಲಿ ಔಷಧದ ಶೇಷ ಉಳಿಯದಂತೆ ಅದು ನೋಡಿಕೊಳ್ಳುತ್ತದೆ, ಬೇಯಿಸಿದಾಗ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ನಮ್ಮ ಆತಂಕ ಅದಕ್ಕೂ ಹಿಂದೆ, ಹಂದಿಗೂಡಿನಲ್ಲೇ ಶುರುವಾಗುತ್ತದೆ. ಮೇವಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ಔಷಧ ಬೆರೆಸಿದಾಗ ಕರುಳಿನ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಬಗ್ಗುವವು ಸತ್ತು, ಬಗ್ಗದವು ಹೆಚ್ಚುತ್ತವೆ. ಔಷಧ ನಿಂತು ಶೇಷ ಇಳಿದ ಮೇಲೂ ಅವು ಮಲದೊಂದಿಗೆ ಹೊರಬೀಳುತ್ತಲೇ ಇರುತ್ತವೆ. ಆ ನಿರೋಧಕ ಗುಣದ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎ ತುಣುಕಿನ ಮೇಲಿದ್ದು, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಬಲ್ಲದು.

ಕೊಲಿಸ್ಟಿನ್ ಉದಾಹರಣೆ ನೋಡಿ. ಬೇರೆ ಔಷಧಗಳು ಸೋತಾಗ ತೀವ್ರ ನಿಗಾ ಘಟಕದ ರೋಗಿಗಳಿಗೆ ಕೊಡುವ ಮದ್ದು ಅದು. ಅದನ್ನು ಸೋಲಿಸುವ ಎಂಸಿಆರ್-1 ಜೀನ್ ಹಂದಿಗಳಲ್ಲಿಯೂ ಹಸಿ ಮಾಂಸದಲ್ಲಿಯೂ ಆಸ್ಪತ್ರೆಯ ರೋಗಿಗಳಲ್ಲಿಯೂ ಇರುವುದನ್ನು ಚೀನಾದ ವಿಜ್ಞಾನಿಗಳು 2015ರ ನವೆಂಬರಿನಲ್ಲಿ ಪ್ರಕಟಿಸಿದರು. ಭಾರತವು 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಹಳೆಯ ಪೊಟ್ಟಣವೇನಾದರೂ ಉಳಿದಿದ್ದರೆ ದಯವಿಟ್ಟು ಲೇಬಲ್ ಓದಿ ನೋಡಿ.

ಒಂದು ಔಷಧ ಬಿಟ್ಟು ಇನ್ನೊಂದು ಹಿಡಿದರಾಯಿತು ಎನ್ನುವವರು ನಮ್ಮಲ್ಲಿ ಬಹಳ. ಅವೊಪಾರ್ಸಿನ್ ಮೇವಿಗೆ ಬೆರೆಸುತ್ತಿದ್ದ ಆಂಟಿಬಯೋಟಿಕ್, ಮನುಷ್ಯರಿಗೆ ಕೊಡುವ ವ್ಯಾಂಕೋಮೈಸಿನ್‌ನ ಹತ್ತಿರದ ನಂಟ; ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗದು. ಡೆನ್ಮಾರ್ಕ್ 1995ರಲ್ಲಿ ಅದನ್ನು ನಿಷೇಧಿಸಿದಾಗ ಕೋಳಿಗಳಲ್ಲಿ ವ್ಯಾಂಕೋಮೈಸಿನ್ ನಿರೋಧಕ ಬ್ಯಾಕ್ಟೀರಿಯಾ ಇಳಿಯಿತು, ಹಂದಿಗಳಲ್ಲಿ ಇಳಿಯಲಿಲ್ಲ. ಹಂದಿಗಳಿಗೆ ಟೈಲೋಸಿನ್ ಎಂಬ ಬೇರೊಂದು ಆಂಟಿಬಯೋಟಿಕ್ ಕೊಡುವುದು ಮುಂದುವರಿದಿತ್ತು, ವ್ಯಾಂಕೋಮೈಸಿನ್ ಮತ್ತು ಟೈಲೋಸಿನ್ ಎರಡರ ನಿರೋಧಕ ಜೀನ್‌ಗಳೂ ಒಂದೇ ಪ್ಲಾಸ್ಮಿಡ್ ಮೇಲಿದ್ದವು. 1998ರಲ್ಲಿ ಟೈಲೋಸಿನ್ ಬಳಕೆ ತಗ್ಗಿದ ಮೇಲಷ್ಟೇ ಹಂದಿಗಳಲ್ಲಿಯೂ ಇಳಿಮುಖವಾಯಿತು.

ಕೊಡಗಿನಲ್ಲಿ ಹಂದಿಗೊಬ್ಬರ ಕಾಫಿ ಗಿಡದ ಬುಡಕ್ಕೆ ಹೋಗುತ್ತದೆ. ಅದನ್ನು ಹರಡುವುದು ಕೂಲಿಯವರ ಬರಿಗೈ. ಮುಂಗಾರು ಹಿಡಿದರೆ ಆ ಗೊಬ್ಬರ ತೊಳೆದ ನೀರು ತೋಡಿಗಿಳಿದು, ಹೊಳೆ ಸೇರಿ, ಕಾವೇರಿಯಾಗಿ ಕೆಳಗಿನ ಊರುಗಳಿಗೆ ಹರಿಯುತ್ತದೆ. ಹಸಿ ಮಾಂಸ ಕತ್ತರಿಸಿದ ಕೈ, ಚೂರಿ, ಹಲಗೆಯೂ ಇನ್ನೊಂದು ದಾರಿ.

ರೋಗ ಬಂದ ಹಂದಿಗೆ ಮದ್ದು ಕೊಡಲೇಬೇಕು, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ. ನಿಲ್ಲಬೇಕಾದದ್ದು ಕಾಯಿಲೆಯಿಲ್ಲದಾಗಲೂ ಮೇವಿಗೆ ಬೆರೆಸುವ ರೂಢಿ. ಮರಿಗಳಿಗೆ ಭೇದಿ ಹೆಚ್ಚಾಗುವುದು ತಾಯಿಹಾಲು ಬಿಡಿಸಿದ ದಿನಗಳಲ್ಲಿ. ಹಾಲು ಬೇಗ ಬಿಡಿಸದೆ, ಗೂಡನ್ನು ಒಣಗಿಸಿ ಬೆಚ್ಚಗಿಟ್ಟರೆ ಮದ್ದಿನ ಅಗತ್ಯವೇ ಕಡಿಮೆಯಾಗುತ್ತದೆ. ಗೊಬ್ಬರವನ್ನು ಹಸಿಯಾಗಿ ಹಾಕದೆ, ಮಳೆ ಬೀಳದಂತೆ ಗುಡ್ಡೆ ಹಾಕಿ ಒಳಗೆ ಚೆನ್ನಾಗಿ ಬಿಸಿಯೇರುವಂತೆ ಕಳಿಯಲು ಬಿಡಿ. ಇದರಿಂದ ನಿರೋಧಕ ಬ್ಯಾಕ್ಟೀರಿಯಾ ಬಹಳಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಳಿತ ಗೊಬ್ಬರವನ್ನೂ ತೋಡಿನ ಅಂಚಿಗೆ ಹಾಕಬೇಡಿ.