ಹೂಮಳೆಯ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

(ಹೂಮಳೆ ಎಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ.)

ಪ್ರಶ್ನೆ: ಮಾರ್ಚ್‌ನಲ್ಲಿ ಮಡಿಕೇರಿ ಪೇಟೆಯಲ್ಲಿ ನಿಲ್ಲಿಸಿದ್ದ ಕಾರಿನ ಮೀಟರ್ 37 ಡಿಗ್ರಿ ತೋರಿಸಿತು. ಇದು ದಾಖಲೆಯೇ? (ಮಡಿಕೇರಿಯ ಓದುಗರು)

ಉತ್ತರ: ಅಲ್ಲ. ಆ ಮೀಟರ್ ಅಳೆದದ್ದು ಕಾದ ಡಾಂಬರು ಮತ್ತು ಬಾನೆಟ್‌ನ ಬಿಸಿಯನ್ನೂ ಸೇರಿಸಿ. ಹವಾಮಾನ ಇಲಾಖೆಯ ಥರ್ಮಾಮೀಟರ್ ಬಿಸಿಲು ತಾಗದ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಎದೆಯೆತ್ತರದಲ್ಲಿರುತ್ತದೆ. ದಾಖಲೆ ಎಂದು ಯಾರಾದರೂ ಹೇಳಿದರೆ ಯಾವ ಕೇಂದ್ರದ್ದು, ಎಷ್ಟು ವರ್ಷಗಳಲ್ಲಿ ಮೊದಲು, ಒಂದು ದಿನದ್ದೋ ಇಡೀ ತಿಂಗಳದ್ದೋ ಎಂದು ಕೇಳಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಬಂದದ್ದು ಒಂದು ದಿನದ, ಒಂದು ಊರಿನ ದಾಖಲೆ. 2022ರ ಮಾರ್ಚ್‌ನ ಗರಿಷ್ಠ ಉಷ್ಣಾಂಶ 1901ರಿಂದೀಚೆಗಿನ ಮಾರ್ಚ್‌ಗಳಲ್ಲೇ ಅತಿ ಹೆಚ್ಚು ಎಂದದ್ದು ಇಡೀ ದೇಶದ ತಿಂಗಳ ಸರಾಸರಿ. ಅದರಿಂದ ಮಡಿಕೇರಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಕುಶಾಲನಗರದ ಅಂಕಿಯನ್ನೂ ಮಡಿಕೇರಿಗೆ ಹಚ್ಚಬೇಡಿ. ಮಡಿಕೇರಿ ಅದಕ್ಕಿಂತ ಸುಮಾರು 300 ಮೀಟರ್ ಹೆಚ್ಚು ಎತ್ತರದಲ್ಲಿದೆ, ಅಷ್ಟಕ್ಕೇ ಎರಡು ಡಿಗ್ರಿ ವ್ಯತ್ಯಾಸ.

ಪ್ರಶ್ನೆ: ಒಂದೇ ಮಳೆಗೆ ನಮ್ಮಲ್ಲಿ 85 ಸೆಂಟ್ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ), ಬೇಲಿಯಾಚೆಯವರಲ್ಲಿ 40. ಯಾರದ್ದು ಸರಿ? (ಸಿದ್ದಾಪುರ)

ಉತ್ತರ: ಎರಡೂ ಸರಿಯಿರಬಹುದು. ಮಾರ್ಚ್ ಮಳೆ ಗುಡುಗಿನ ಮಳೆ, ಗದ್ದೆಯ ಒಂದು ಬದಿ ನೆನೆದು ಇನ್ನೊಂದು ಬದಿ ಧೂಳೇಳುವುದುಂಟು. ಆದರೂ ಮೊದಲು ಮಾಪಕವನ್ನು ನೋಡಿ. ಸಿಲ್ವರ್ ಓಕ್ ಕೆಳಗಿಟ್ಟರೆ ಎಲೆಯ ಹನಿಯೂ ಸೇರುತ್ತದೆ. ಹತ್ತಿರದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿರಲಿ, ಬಾಯಿ ಸಮಮಟ್ಟವಿರಲಿ.

ಮನೆಯಲ್ಲೇ ಮಾಡುವುದಾದರೆ 10 ಸೆಂ.ಮೀ. ಬಾಯಿಯ ನೇರ ಅಂಚಿನ ಫನಲ್, ಕೆಳಗೊಂದು ಬಾಟಲಿ ಸಾಕು. ಬಾಟಲಿಯ ನೀರನ್ನು ಔಷಧದ ಅಳತೆ ಲೋಟದಲ್ಲಿ ಅಳೆಯಿರಿ: 200 ಮಿ.ಲೀ. ಆದರೆ ಒಂದಿಂಚು, ಎಂದರೆ 100 ಸೆಂಟ್. ಒಂದು ಸೆಂಟ್‌ಗೆ 2 ಮಿ.ಲೀ., ಇಷ್ಟು ಸುಲಭದ ಲೆಕ್ಕ ಬೇರೆ ಅಳತೆಯ ಫನಲ್‌ನಲ್ಲಿ ಸಿಗದು. ಆಲಿಕಲ್ಲು ಬಿದ್ದರೆ ಕರಗಿದ ಮೇಲೆ ಅಳೆಯಿರಿ. ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ ಖಾಲಿ ಮಾಡಿ. ಇಲಾಖೆಯ ಲೆಕ್ಕದಲ್ಲಿ 12ರ ಸಂಜೆಯ ಮಳೆ 13ರ ಬೆಳಿಗ್ಗೆಯ ಖಾತೆಗೆ ಹೋಗುತ್ತದೆ. ಪತ್ರಿಕೆಯ ತಾರೀಕು ನಿಮ್ಮ ಡೈರಿಗೆ ಹೊಂದದಿದ್ದರೆ ಬಹುಪಾಲು ಕಾರಣ ಇದೇ.

ಪ್ರಶ್ನೆ: ರೋಬಸ್ಟಾ ಕಾಫಿ ತೋಟಕ್ಕೆ 30 ಸೆಂಟ್ ಮಾತ್ರ ಬಿತ್ತು. ಕಾಯಬೇಕೇ, ಸ್ಪ್ರಿಂಕ್ಲರ್ ಹಾಕಬೇಕೇ? (ಗೋಣಿಕೊಪ್ಪ)

ಉತ್ತರ: ನೀರಿದ್ದರೆ ಕಾಯಬೇಡಿ. 30 ಸೆಂಟ್ ಮೊಗ್ಗನ್ನು ಎಬ್ಬಿಸಲು ಸಾಕಾದೀತು, ಅರಳಿಸಲು ಸಾಲದು. ಅಂಥ ಮೊಗ್ಗು ಬಿಸಿಲಿಗೆ ಕೆಂಪಾಗಿ ಒಣಗುತ್ತದೆ, ಅಥವಾ ಗಿಡ್ಡ ಎಸಳಿನ ಗಟ್ಟಿ ನಕ್ಷತ್ರವಾಗಿ ನಿಲ್ಲುತ್ತದೆ, ಕಾಯಿ ಕಟ್ಟದು. ಒಂದೆರಡು ದಿನದೊಳಗೆ ಉಳಿದದ್ದನ್ನು ಕೊಟ್ಟು ಒಟ್ಟು ಒಂದೂವರೆ ಇಂಚು ಮುಟ್ಟಿಸಿ. ಎಕರೆಗೆ ಒಂದಿಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಕೆರೆಯಲ್ಲಿ ಎಷ್ಟಿದೆ ಎಂದು ಮೊದಲು ಲೆಕ್ಕ ಹಾಕಿ, ಏಕೆಂದರೆ 15–20 ದಿನ ಕಳೆದು ಬ್ಯಾಕಿಂಗ್‌ಗೂ (ಹೂವಾದ ಮೇಲೆ ಕಾಯಿ ನಿಲ್ಲಲು ಕೊಡುವ ಎರಡನೇ ನೀರಿಗೂ) ಒಂದಿಂಚು ಬೇಕು. ಎರಡಕ್ಕೂ ಸಾಲದಿದ್ದರೆ ಇಡೀ ತೋಟಕ್ಕೆ ಅರೆಬರೆ ಚಿಮುಕಿಸುವುದಕ್ಕಿಂತ ಅರ್ಧ ತೋಟಕ್ಕೆ ಪೂರ್ತಿ ಕೊಡುವುದೇ ಲೇಸು. ಜೆಟ್ ಕೆಳಗೆ ಅಲ್ಲಲ್ಲಿ ನಾಲ್ಕೈದು ನೇರ ಬದಿಯ ಡಬ್ಬಿ ಇಟ್ಟು, ಎಷ್ಟು ಬಿತ್ತೆಂದು ಸ್ಕೇಲಿನಲ್ಲಿ ಅಳೆಯಿರಿ. ಪಂಪು ಓಡಿದ ಗಂಟೆಯನ್ನು ನಂಬಬೇಡಿ, ಗಾಳಿ ಇದ್ದ ದಿನ ಒಂದು ಮೂಲೆ ಒಣಗಿಯೇ ಇರುತ್ತದೆ.

ಪ್ರಶ್ನೆ: ಹೂ ಅರಳಿದ ಬೆಳಿಗ್ಗೆಯೇ ಮಳೆ ಬಂತು. ಫಸಲು ಹೋಯಿತೇ? (ಸೋಮವಾರಪೇಟೆ)

ಉತ್ತರ: ಅರೇಬಿಕಾ ಆಗಿದ್ದರೆ ಅಷ್ಟು ಚಿಂತೆ ಬೇಡ, ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತರಬೇಕು. ಒದ್ದೆಯಾದ ಪರಾಗ ಹಾರುವುದಿಲ್ಲ, ಜೇನೂ ಹೊರಬರುವುದಿಲ್ಲ. ಅಂದೇ ಅರಳಿದ ಹೂವಿಗೆ ಪೆಟ್ಟು, ಮರುದಿನ ಅರಳುವ ಮೊಗ್ಗಿಗೆ ಅಲ್ಲ. ಹೂವಿರುವಾಗ ನೀವಾಗಿ ಸ್ಪ್ರಿಂಕ್ಲರ್ ತಿರುಗಿಸುವುದಂತೂ ಬೇಡವೇ ಬೇಡ, ಎಸಳು ಕಂದಿ ಒಣಗುವವರೆಗೆ ಪಂಪಿನ ಸ್ವಿಚ್ ಮುಟ್ಟಬೇಡಿ.